ಸೇಬಿನ ಬೊಂಬೆಯ ನಿಜವಾದ ವಯಸ್ಸು

ಅಮೆರಿಕದ ಪೂರ್ವಭಾಗದ ಅಪಲಾಚಿಯನ್ ಬೆಟ್ಟಸಾಲಿನ ಕರಕುಶಲ ಮಳಿಗೆಗಳಲ್ಲಿ ಮುದುಕ ಮುದುಕಿಯರ ಪುಟ್ಟ ಬೊಂಬೆಗಳು ಮಾರಾಟಕ್ಕಿರುತ್ತವೆ. ಮೈಗೆ ತಂತಿ ಮತ್ತು ಬಟ್ಟೆ, ತಲೆಗೆ ಒಣಗಿದ ಸೇಬು. ಸಿಪ್ಪೆ ಸುಲಿದ ಹಣ್ಣಿನಲ್ಲಿ ಕಣ್ಣು, ಮೂಗು, ಬಾಯಿ ಕೆತ್ತಿ ವಾರಗಟ್ಟಲೆ ಒಣಗಲು ಬಿಟ್ಟರೆ ಅದು ಕುಗ್ಗಿ, ಕಂದು ಬಣ್ಣಕ್ಕೆ ತಿರುಗಿ, ಎಂಬತ್ತು ದಾಟಿದವರ ಮುಖವಾಗುತ್ತದೆ. ಕೊಳ್ಳುವವರಿಗೆ ಬೊಂಬೆಯ ಜೊತೆ ಒಂದು ಕಥೆಯೂ ಸಿಗುತ್ತದೆ: ಇದು ತಲೆಮಾರುಗಳಿಂದ ಬಂದ ಬೆಟ್ಟದ ಜನರ ಕಲೆ, ಅವರಿಗೂ ಮೊದಲು ಈ ನೆಲದ ಮೂಲನಿವಾಸಿಗಳಿಗೆ ಗೊತ್ತಿದ್ದ ವಿದ್ಯೆ, ಮಕ್ಕಳಿಗೆ ಆಟಿಕೆ ಕೊಳ್ಳಲಾಗದ ಬಡ ತಾಯಂದಿರು ಕಂಡುಕೊಂಡ ಉಪಾಯ. ಕಥೆಯ ಒಂದೊಂದು ತುಣುಕಿನಲ್ಲೂ ಒಂದಿಷ್ಟು ನಿಜ ಇದೆ. ತುಣುಕುಗಳನ್ನು ಸೇರಿಸಿ ಹೇಳುವ ರೀತಿಯಲ್ಲಿ ಮಾತ್ರ ಇತಿಹಾಸಕ್ಕಿಂತ ವ್ಯಾಪಾರ ಹೆಚ್ಚು. ಈ ಬೊಂಬೆ ಹುಟ್ಟಿದ್ದು ಸೇಬು ಒಣಗಿಸುವ ಅಡುಗೆಮನೆಗಳಲ್ಲಿ, ಕೆಲಸದ ಬಿಡುವಿನ ಒಂದು ಸಣ್ಣ ಚಟುವಟಿಕೆಯಾಗಿ. ಅದನ್ನು ಪುರಾತನ ಪರಂಪರೆಯ ಪಟ್ಟಕ್ಕೆ ಏರಿಸಿದ್ದು ಇಪ್ಪತ್ತನೆಯ ಶತಮಾನದ ಮಾರುಕಟ್ಟೆ. ಆ ಮಾರುಕಟ್ಟೆಗೆ ಬೊಂಬೆ ಹಿಡಿಸಿದ್ದು ಅದರ ಸುಕ್ಕಿನಿಂದಾಗಿ. ಈ ಲೇಖನದ ವಾದ ಇಷ್ಟೇ. ಬೊಂಬೆ ಬೇಗ ಹಾಳಾಗುವ ವಸ್ತುವಾದ್ದರಿಂದ ಸಾಕ್ಷ್ಯವನ್ನು ಅದರ ಸುತ್ತ ಹುಡುಕಬೇಕಾಗುತ್ತದೆ. ಸೇಬಿನ ಮರ ಎಲ್ಲಿಂದ ಬಂತು, ಹಣ್ಣನ್ನು ಯಾರು ಯಾಕೆ ಒಣಗಿಸುತ್ತಿದ್ದರು, ಬೊಂಬೆಯನ್ನು ಯಾರು ಯಾರಿಗೆ ಏನೆಂದು ಹೇಳಿ ಮಾರಿದರು ಎಂಬ ಮೂರು ಪ್ರಶ್ನೆಗಳಿಗೆ ದಾಖಲೆಗಳು ಸಾಕಷ್ಟಿವೆ.

ಮೊದಲು ಕೆಲಸದ ರೀತಿಯನ್ನು ನೋಡಬೇಕು, ಏಕೆಂದರೆ ವಾದದ ಬೇರು ಅಲ್ಲಿದೆ. ಗಟ್ಟಿ ತಿರುಳಿನ ದೊಡ್ಡ ಸೇಬನ್ನು ಆರಿಸಿ ಸಿಪ್ಪೆ ತೆಗೆಯುತ್ತಾರೆ. ಸಣ್ಣ ಚಾಕುವಿನಿಂದ ಕಣ್ಣಿನ ಗುಳಿಗಳನ್ನು ಆಳವಾಗಿ ತೋಡಿ, ಮೂಗನ್ನು ಉಬ್ಬಿಸಿ ಉಳಿಸಿಕೊಂಡು, ಬಾಯಿಗೆ ಒಂದು ಸೀಳು ಹಾಕುತ್ತಾರೆ. ಒಣಗಿದ ಮೇಲೆ ಎಲ್ಲವೂ ಕುಗ್ಗುವುದರಿಂದ ಮೂಗು, ಕಿವಿ, ಗಲ್ಲಗಳನ್ನು ಬೇಕಾದ್ದಕ್ಕಿಂತ ದಪ್ಪಗೆ ಕೆತ್ತಬೇಕು. ಗಾಳಿ ತಗುಲಿದ ಸೇಬು ಕಪ್ಪಾಗುವುದು ಅದರೊಳಗಿನ ಕಿಣ್ವವೊಂದು ಆಮ್ಲಜನಕದೊಂದಿಗೆ ನಡೆಸುವ ಕ್ರಿಯೆಯಿಂದ. ನಿಂಬೆರಸ ಮತ್ತು ಉಪ್ಪಿನ ನೀರಿನಲ್ಲಿ ಅದ್ದಿದರೆ ಆ ಕ್ರಿಯೆ ನಿಧಾನವಾಗುತ್ತದೆ, ಬೂಷ್ಟೂ ಸುಲಭವಾಗಿ ಹಿಡಿಯುವುದಿಲ್ಲ. ಆಮೇಲೆ ತಂತಿಗೆ ಪೋಣಿಸಿ, ಒಣ ಗಾಳಿಯಾಡುವ ಬೆಚ್ಚನೆಯ ಜಾಗದಲ್ಲಿ ಎರಡರಿಂದ ನಾಲ್ಕು ವಾರ ತೂಗುಹಾಕುತ್ತಾರೆ. ನಡುವೆ ಆಗಾಗ ಬೆರಳಿನಿಂದ ಒತ್ತಿ, ಹಿಸುಕಿ, ಮುಖವನ್ನು ತಿದ್ದುವುದುಂಟು. ಕಣ್ಣಿಗೆ ಮಣಿ ಅಥವಾ ಲವಂಗ, ಹಲ್ಲಿಗೆ ಅಕ್ಕಿಕಾಳು, ಕೂದಲಿಗೆ ಉಣ್ಣೆ ಅಥವಾ ಹತ್ತಿ. ಸೇಬಿನ ತೂಕದಲ್ಲಿ ಸುಮಾರು ಶೇ. 85 ನೀರು. ಹೊರಪದರ ಮೊದಲು ಒಣಗಿ ಬಿಗಿಯಾಗುತ್ತದೆ, ಒಳತಿರುಳು ಆಮೇಲೆ ನೀರು ಕಳೆದುಕೊಂಡು ಕುಗ್ಗುತ್ತದೆ. ಹೊರಗಿನ ಪದರಕ್ಕೆ ಆಗ ಮಡಿಕೆ ಬೀಳದೆ ಗತಿಯಿಲ್ಲ. ಹೀಗಾಗಿ ಕೆತ್ತುವವರ ಕೈಯಲ್ಲಿ ಎಷ್ಟೇ ನಯವಿದ್ದರೂ ಸೇಬಿನಿಂದ ಮಗುವಿನ ಮುಖ ಬರುವುದಿಲ್ಲ, ತರುಣಿಯ ಮುಖವೂ ಬರುವುದಿಲ್ಲ. ಮುಖಭಾವವನ್ನು ಕೆತ್ತುವವರು ಆರಿಸಿಕೊಳ್ಳಬಹುದು, ವಯಸ್ಸನ್ನು ಹಣ್ಣೇ ತೀರ್ಮಾನಿಸುತ್ತದೆ.

ಇನ್ನು ಮರದ ಮಾತು. ನಾವು ತಿನ್ನುವ ಸೇಬು ಅಮೆರಿಕದ್ದಲ್ಲ. ಅದರ ಕಾಡು ಪೂರ್ವಜ ಈಗಲೂ ಕಜಕಸ್ತಾನದ ತಿಯಾನ್ ಶಾನ್ ಬೆಟ್ಟಗಳಲ್ಲಿ ಬೆಳೆಯುತ್ತದೆ. ಅಲ್ಲಿಂದ ವ್ಯಾಪಾರದ ದಾರಿಗಳಲ್ಲಿ ಯುರೋಪು ಸೇರಿ, ಹದಿನೇಳನೆಯ ಶತಮಾನದ ಆರಂಭದಲ್ಲಿ ವಲಸಿಗರ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿತು. ಈಗ ಬಾಸ್ಟನ್ ನಗರವಿರುವ ಕಡೆ 1620ರ ದಶಕದಲ್ಲಿ ನೆಲೆಸಿದ ವಿಲಿಯಂ ಬ್ಲ್ಯಾಕ್ಸ್‌ಟನ್ ಎಂಬ ಪಾದ್ರಿ ಅಲ್ಲಿನ ಮೊದಲ ಸೇಬಿನ ತೋಟಗಾರರಲ್ಲೊಬ್ಬ. ಹೂವಿಗೆ ಪರಾಗ ಮುಟ್ಟಿಸುವ ಯುರೋಪಿನ ಜೇನುಹುಳು ವರ್ಜೀನಿಯಾಕ್ಕೆ ಬಂದದ್ದು 1622ರಲ್ಲಿ. ಅಮೆರಿಕದ ಕಾಡುಗಳಲ್ಲಿ ಮೊದಲಿನಿಂದಲೂ ಕಾಡುಸೇಬಿನ ಕೆಲವು ಜಾತಿಗಳಿದ್ದವು ನಿಜ. ಅವುಗಳ ಹಣ್ಣು ಬಾರೆಹಣ್ಣಿನ ಗಾತ್ರದ್ದು, ಬಹಳ ಹುಳಿ. ಅಷ್ಟು ಚಿಕ್ಕ ಹಣ್ಣಿನಲ್ಲಿ ಕಣ್ಣು ಮೂಗು ತೋಡಿ, ಅದು ಒಣಗಿ ಇನ್ನೂ ಚಿಕ್ಕದಾದ ಮೇಲೆ ಮುಖ ಉಳಿಸಿಕೊಳ್ಳುವುದು ಆಗದ ಮಾತು. ಆದ್ದರಿಂದ ಕೊಲಂಬಸ್‌ಗಿಂತ ಮುಂಚಿನ ಮೂಲನಿವಾಸಿ ಕಲೆ ಎಂಬ ಹೇಳಿಕೆ ಕೈಬಿಡಲೇಬೇಕಾದದ್ದು. ಬೊಂಬೆಯ ವಯಸ್ಸಿಗೆ ಮೇಲಿನ ಮಿತಿಯನ್ನು ಹಣ್ಣೇ ಹಾಕಿಕೊಡುತ್ತದೆ, ಆ ಮಿತಿ ಸುಮಾರು ನಾಲ್ಕು ಶತಮಾನಕ್ಕೆ ನಿಲ್ಲುತ್ತದೆ.

ಇಷ್ಟು ಹೇಳಿ ಮೂಲನಿವಾಸಿಗಳನ್ನು ಈ ಇತಿಹಾಸದಿಂದ ಹೊರಗಿಟ್ಟರೆ ಅದು ಇನ್ನೊಂದು ತಪ್ಪು. ಯುರೋಪಿನ ಹಣ್ಣುಗಳನ್ನು ಅವರು ಬಲು ಬೇಗ ತಮ್ಮದಾಗಿಸಿಕೊಂಡರು, ಎಷ್ಟೋ ಕಡೆ ಬಿಳಿಯರ ಬೇಸಾಯ ತಲುಪುವ ಮೊದಲೇ ಅವರ ತೋಟಗಳು ಎದ್ದಿದ್ದವು. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಆಜ್ಞೆಯ ಮೇರೆಗೆ ಜನರಲ್ ಸಲಿವನ್ ಇರೊಕ್ವಾಯ್ ಒಕ್ಕೂಟದ ಊರುಗಳ ಮೇಲೆ ದಂಡೆತ್ತಿ ಹೋದ. ನಾಶವಾದ ಊರುಗಳು ನಲವತ್ತು ಎಂದು ಅವನ ವರದಿ ಹೇಳುತ್ತದೆ. ಸೈನಿಕರು ಬರೆದಿಟ್ಟ ದಿನಚರಿಗಳಲ್ಲಿ ಮನೆ, ಜೋಳದ ಹೊಲಗಳ ಜೊತೆಗೆ ಕಡಿದು ಹಾಕಿದ ಹಣ್ಣಿನ ಮರಗಳ ವಿವರವೂ ಸಿಗುತ್ತದೆ. ಸೆನೆಕಾ ಸರೋವರದ ದಂಡೆಯ ಕೆಂಡಾಯಾ ಎಂಬ ಊರನ್ನು ಅವರು ಆಪಲ್‌ಟೌನ್ ಎಂದು ಕರೆದದ್ದು ಅಲ್ಲಿದ್ದ ಬಲಿತ ಸೇಬಿನ ಮರಗಳಿಂದಾಗಿ. ಕಯುಗಾ ಜನರ ಒಂದು ಊರಿನಲ್ಲಿ 1,500 ಪೀಚ್ ಮರಗಳನ್ನು ಉರುಳಿಸಿದರು. ದಕ್ಷಿಣದ ಬೆಟ್ಟಗಳ ಚೆರೋಕಿ ಜನರ ವಿಷಯವೂ ಹೀಗೆಯೇ. ಅವರನ್ನು ಬಲವಂತವಾಗಿ ಒಕ್ಕಲೆಬ್ಬಿಸುವ ಮುನ್ನ 1836ರಲ್ಲಿ ಸರ್ಕಾರ ಮಾಡಿಸಿದ ಆಸ್ತಿಯ ಲೆಕ್ಕಪಟ್ಟಿಗಳಲ್ಲಿ ಮನೆಮನೆಯ ಸೇಬು ಮತ್ತು ಪೀಚ್ ಮರಗಳು ಎಣಿಕೆಯಾಗಿವೆ. ಚೆರೋಕಿ ಹೆಂಗಸೊಬ್ಬಳು ಅಥವಾ ಇರೊಕ್ವಾಯ್ ಒಕ್ಕೂಟದ ಸೆನೆಕಾ ಹೆಂಗಸೊಬ್ಬಳು ಹದಿನೆಂಟನೆಯ ಶತಮಾನದಲ್ಲೇ ಸೇಬಿನಲ್ಲಿ ಮುಖ ಕೆತ್ತಿರಲಾರಳು ಎನ್ನಲು ಹೀಗಾಗಿ ಯಾವ ಕಾರಣವೂ ಇಲ್ಲ. ಹಾಗೆ ಕೆತ್ತಿದ್ದರೆ ಅದು ಹೊಸದಾಗಿ ಬಂದ ಹಣ್ಣನ್ನು ಬಳಸಿದ ಹೊಸ ಕೌಶಲ, ಕಾಲಾತೀತ ಪುರಾತನ ವಿದ್ಯೆ ಅಲ್ಲ. ಮೂಲನಿವಾಸಿಗಳು ಹೊಸದನ್ನು ಕಲಿತು ಬದಲಾಗುತ್ತಿದ್ದ ಜನರೆಂದು ಒಪ್ಪಿಕೊಳ್ಳುವುದೇ ಅವರಿಗೆ ಸಲ್ಲಬೇಕಾದ ಹೆಚ್ಚಿನ ಗೌರವ.

ಇರೊಕ್ವಾಯ್ ಜನರ ಹೆಚ್ಚು ಹೆಸರಾದ ಬೊಂಬೆ ಬೇರೆಯೇ ಇದೆ. ಮೆಕ್ಕೆಜೋಳದ ತೆನೆಯ ಸಿಪ್ಪೆಯನ್ನು ನೆನೆಸಿ, ಮಡಚಿ, ಕಟ್ಟಿ ಮಾಡುವ ಆ ಬೊಂಬೆಗೆ ಮುಖವೇ ಇರುವುದಿಲ್ಲ. ಮಕ್ಕಳೊಡನೆ ಇರಲೆಂದು ಸೃಷ್ಟಿಯಾದ ಸುಂದರ ಬೊಂಬೆ ನೀರಿನಲ್ಲಿ ತನ್ನ ಬಿಂಬ ಕಂಡು ಬೀಗಿ ಕೆಲಸ ಮರೆತದ್ದರಿಂದ ಸೃಷ್ಟಿಕರ್ತ ಅದರ ಮುಖವನ್ನು ಕಿತ್ತುಕೊಂಡ ಎಂಬುದು ಅದಕ್ಕೆ ಅವರು ಹೇಳುವ ಕಾರಣ. ಈ ಬೊಂಬೆಯ ಹಿಂದೆ ಮೆಕ್ಕೆಜೋಳವಿದೆ, ಅಂದರೆ ಅದೇ ನೆಲದಲ್ಲಿ ಶತಮಾನಗಳಿಂದ ಬೆಳೆದ ಬೆಳೆ, ಕಥೆಯಿದೆ, ಯಾವುದು ಸರಿ ಯಾವುದು ತಪ್ಪು ಎಂಬ ನಿಯಮವಿದೆ. ಪರಂಪರೆ ಎಂದು ಕರೆಯಲು ಬೇಕಾದ ಲಕ್ಷಣಗಳೆಲ್ಲ ಅದರಲ್ಲಿವೆ. ಸೇಬಿನ ಬೊಂಬೆಯೋ ಪೂರ್ತಿ ಮುಖದ ಮೇಲೆಯೇ ನಿಂತಿರುವಂಥದ್ದು. ಮುಖವೇ ಬೇಡವೆನ್ನುವ ಬೊಂಬೆಯನ್ನು ಮಕ್ಕಳ ಕೈಗೆ ಕೊಡುವ ಸಮಾಜವೇ ಮುಖವೊಂದನ್ನೇ ಮೆರೆಸುವ ಬೊಂಬೆಯ ಏಕೈಕ ಮೂಲ ಎಂದು ಹೇಳಬೇಕಾದರೆ ಮಳಿಗೆಯ ಚೀಟಿಗಿಂತ ಗಟ್ಟಿಯಾದ ಆಧಾರ ಬೇಕು. ಎರಡೂ ಒಂದೇ ಜನರಲ್ಲಿ ಇರಬಾರದೆಂದಿಲ್ಲ. ಮೊದಲನೆಯದರ ಪ್ರಾಚೀನತೆಯನ್ನು ಎರಡನೆಯದಕ್ಕೆ ಸಾಲ ಕೊಡಲು ಬರುವುದಿಲ್ಲ, ಅಷ್ಟೆ.

ಬೊಂಬೆಯ ನಿಜವಾದ ತವರು ಸೇಬು ಒಣಗಿಸುವ ಅಡುಗೆಮನೆ. ಬೀಜದಿಂದ ಬೆಳೆದ ಸೇಬಿನ ಮರ ತಾಯಿಮರದ ಹಣ್ಣನ್ನೇ ಕೊಡುವುದಿಲ್ಲ, ಒಂದೊಂದು ಸಸಿಯೂ ಒಂದೊಂದು ರುಚಿ. ತಾಯಿಮರದ ಹಣ್ಣೇ ಬೇಕೆಂದರೆ ಕಸಿ ಕಟ್ಟಬೇಕು. ವಲಸಿಗರ ತೋಟಗಳಲ್ಲಿ ಬೀಜದ ಮರಗಳೇ ಹೆಚ್ಚಿದ್ದವು. ಜಾನಿ ಆಪಲ್‌ಸೀಡ್ ಎಂದು ಹೆಸರಾದ ಜಾನ್ ಚಾಪ್‌ಮನ್ (1774–1845) ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾ ಸೀಮೆಗಳಲ್ಲಿ ಸಸಿಮಡಿ ಮಾಡಿದ್ದೂ ಬೀಜದಿಂದಲೇ, ಕಸಿಯನ್ನು ಆತ ಒಪ್ಪುತ್ತಿರಲಿಲ್ಲ. ಇಂಥ ಹಣ್ಣುಗಳಲ್ಲಿ ಹೆಚ್ಚಿನವು ಹುಳಿ, ಒಗರು, ಗಟ್ಟಿ. ಹಾಗೇ ತಿನ್ನಲು ಅಷ್ಟೇನೂ ಸೊಗಸಲ್ಲದ ಅವನ್ನು ಹಿಂಡಿ ಸೈಡರ್ ಎಂಬ ಮದ್ಯ ಮಾಡುತ್ತಿದ್ದರು, ವಿನೆಗರ್ ಮಾಡುತ್ತಿದ್ದರು, ಹೋಳು ಮಾಡಿ ಒಣಗಿಸುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಮುರುಗಲ ಸಿಪ್ಪೆಯನ್ನು ವರ್ಷಕ್ಕಾಗುವಷ್ಟು ಒಣಗಿಸಿಡುವ ಹಾಗೆ ಅಲ್ಲಿ ಒಣ ಸೇಬು ಚಳಿಗಾಲದ ಉಗ್ರಾಣದ ಮುಖ್ಯ ಸಾಮಾನು. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದ ರೈತರಲ್ಲಿ ಒಣ ಸೇಬು, ಹಂದಿಮಾಂಸ, ಹಿಟ್ಟಿನುಂಡೆ ಸೇರಿದ ಊಟ ಇಂದಿಗೂ ಪ್ರಸಿದ್ಧ. ಸುಗ್ಗಿಯಲ್ಲಿ ನೆರೆಹೊರೆಯವರು ರಾತ್ರಿ ಒಂದೆಡೆ ಸೇರಿ ಹಾಡುತ್ತ ಹರಟುತ್ತ ಬುಟ್ಟಿಗಟ್ಟಲೆ ಹಣ್ಣು ಸುಲಿಯುವುದು ಒಂದು ಸಾಮಾಜಿಕ ಪದ್ಧತಿಯೇ ಆಗಿತ್ತು. ಈ ಕೆಲಸ ಎಷ್ಟು ದೊಡ್ಡದಿತ್ತೆಂದರೆ ಮೋಸಸ್ ಕೋಟ್ಸ್ ಎಂಬ ಪೆನ್ಸಿಲ್ವೇನಿಯಾದವನು 1803ರಲ್ಲೇ ಸೇಬಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಇಂಥ ಯಂತ್ರಗಳಿಗೆ ಪೇಟೆಂಟುಗಳು ಸಾಲುಸಾಲಾಗಿ ಬಂದವು.

ಬೊಂಬೆಗೆ ಬೇಕಾದ ತಿಳಿವಳಿಕೆ ಒಂದೂ ಬಿಡದೆ ಈ ಅಡುಗೆಮನೆಯಲ್ಲಿತ್ತು. ಯಾವ ಹಣ್ಣು ಕೊಳೆಯದೆ ಒಣಗುತ್ತದೆ, ಎಲ್ಲಿ ತೂಗುಹಾಕಿದರೆ ಬೂಷ್ಟು ಹಿಡಿಯುವುದಿಲ್ಲ, ಎಷ್ಟು ದಿನಕ್ಕೆ ಎಷ್ಟು ಕುಗ್ಗುತ್ತದೆ ಎಂಬುದು ಆ ಮನೆಗಳ ಹೆಂಗಸರಿಗೆ ಬೆರಳ ತುದಿಯ ವಿದ್ಯೆ. ಚಾಕು ಕೈಯಲ್ಲೇ ಇದೆ, ಹಣ್ಣು ರಾಶಿ ಬಿದ್ದಿದೆ, ಪಕ್ಕದಲ್ಲಿ ಮಕ್ಕಳಿದ್ದಾರೆ. ಒಂದು ಹಣ್ಣಿಗೆ ಮುಖ ಬಿಡಿಸುವುದಕ್ಕೆ ಯಾವ ಗುರುವೂ ಬೇಕಿಲ್ಲ, ಯಾವ ಪಂಗಡದ ಗುಟ್ಟೂ ಬೇಕಿಲ್ಲ. ಸೇಬು ಒಣಗಿಸುತ್ತಿದ್ದ ಎಷ್ಟು ಊರುಗಳಿದ್ದವೋ ಅಷ್ಟು ಕಡೆಯೂ ಈ ಆಟ ತಾನಾಗಿ ಹುಟ್ಟಬಹುದು, ಮರೆತುಹೋಗಬಹುದು, ಮತ್ತೆ ಹುಟ್ಟಬಹುದು. ಇದರ ಮೂಲಪುರುಷ ಯಾರು, ಮೂಲಸ್ಥಾನ ಯಾವುದು ಎಂಬ ಹುಡುಕಾಟ ಆದ್ದರಿಂದಲೇ ವ್ಯರ್ಥ. ಕುಲುಮೆ, ಮಗ್ಗ, ಕುಂಬಾರರ ಚಕ್ರಗಳ ಕಸುಬಿಗೆ ವಂಶಾವಳಿ ಇರುತ್ತದೆ. ಅವನ್ನು ಕಲಿಯಲು ವರ್ಷಗಳು ಬೇಕು, ಕಲಿಸುವವರು ಬೇಕು. ಸೇಬಿನ ಬೊಂಬೆಗೆ ಅಂಥ ವಂಶಾವಳಿಯನ್ನು ಹೊಂದಿಸಲು ಹೊರಟಾಗಲೇ ಇತಿಹಾಸ ತಪ್ಪುವುದು.

ಮಕ್ಕಳ ಆಟಿಕೆಯೆಂಬ ಮಾತನ್ನೂ ಪರೀಕ್ಷಿಸಬೇಕು. ಬೆಟ್ಟದ ಮನೆಗಳ ಮಕ್ಕಳು ಆಡಿದ್ದು ಹೆಚ್ಚಾಗಿ ಚಿಂದಿಬಟ್ಟೆಯ ಬೊಂಬೆ, ಜೋಳದ ಸಿಪ್ಪೆಯ ಬೊಂಬೆ, ಮರದ ತುಂಡಿನ ಬೊಂಬೆಗಳೊಡನೆ. ಇವುಗಳನ್ನು ಎಸೆಯಬಹುದು, ಎಳೆದಾಡಬಹುದು, ಮಗ್ಗುಲಲ್ಲಿಟ್ಟು ಮಲಗಬಹುದು, ಹರಿದರೆ ಹೊಲಿಯಬಹುದು. ಸೇಬಿನ ತಲೆ ಒದ್ದೆ ಕೈ ತಗುಲಿದರೆ ಮೆತ್ತಗಾಗುತ್ತದೆ, ಬಿದ್ದರೆ ಕತ್ತಿನಿಂದ ಕಳಚುತ್ತದೆ, ಸಿಹಿಗೆ ಇರುವೆ ಮತ್ತು ಹುಳು ಮುತ್ತುತ್ತವೆ. ಅದು ಸಿದ್ಧವಾಗಲು ವಾರಗಟ್ಟಲೆ ಕಾಯಬೇಕು, ಅಷ್ಟು ಹೊತ್ತು ಕಾಯುವ ಮಗು ಅಪರೂಪ. ಬೊಂಬೆಯಾಟದಲ್ಲಿ ಮಕ್ಕಳು ಸಾಮಾನ್ಯವಾಗಿ ಅಮ್ಮನಾಗುತ್ತಾರೆ, ಬೊಂಬೆ ಅವರ ಕೂಸಾಗುತ್ತದೆ. ಎಂಬತ್ತರ ಮುದುಕಿಯನ್ನು ತೊಟ್ಟಿಲಲ್ಲಿಟ್ಟು ತೂಗಲು ಬರುವುದಿಲ್ಲ. ತಮಾಷೆಗಾಗಿ ಒಂದೆರಡು ದಿನ ಆಡಿರಬಹುದು, ಕಿಟಕಿಯ ಮೇಲಿಟ್ಟು ಅದರ ಮುಖ ದಿನದಿನಕ್ಕೂ ಬದಲಾಗುವುದನ್ನು ನೋಡಿ ನಕ್ಕಿರಬಹುದು. ಆದರೆ ಕಪಾಟಿನಲ್ಲಿ ನಿಲ್ಲಿಸಿ ನೋಡುವ ವಸ್ತುವಾಗಿಯೇ ಇದು ಹೆಚ್ಚು ಸಲ್ಲುತ್ತದೆ. ಕಪಾಟಿನ ವಸ್ತುವಿಗೆ ಬೇಕಾದದ್ದು ಕೊಳ್ಳುವ ದೊಡ್ಡವರು. ಆ ದೊಡ್ಡವರು ಎಲ್ಲಿಂದ ಬಂದರು, ಅವರಿಗೆ ಮುದುಕಿಯ ಮುಖ ಏಕೆ ಬೇಕಾಯಿತು ಎಂಬುದು ಮುಂದಿನ ಪ್ರಶ್ನೆ.

ಉತ್ತರಕ್ಕೆ 1899ಕ್ಕೆ ಹೋಗಬೇಕು. ಕೆಂಟಕಿಯ ಬೆರಿಯಾ ಕಾಲೇಜಿನ ಅಧ್ಯಕ್ಷ ವಿಲಿಯಂ ಗುಡೆಲ್ ಫ್ರಾಸ್ಟ್ ಆ ವರ್ಷ 'ಅಟ್ಲಾಂಟಿಕ್ ಮಂಥ್ಲಿ' ಪತ್ರಿಕೆಯಲ್ಲಿ ಬೆಟ್ಟದ ಜನರ ಬಗ್ಗೆ ಒಂದು ಪ್ರಬಂಧ ಬರೆದರು. ಅದರ ಶೀರ್ಷಿಕೆಯಲ್ಲೇ ಅವರು ಆ ಜನರನ್ನು ನಮ್ಮ ಸಮಕಾಲೀನ ಪೂರ್ವಜರು ಎಂದು ಕರೆದರು. ನಗರದ ಓದುಗರಿಗೆ ಅದು ಬಹಳ ಹಿಡಿಸಿತು. ಬೆಟ್ಟದವರು ಇಂದಿಗೂ ನಮ್ಮ ಮುತ್ತಜ್ಜಂದಿರ ಕಾಲದಲ್ಲೇ ಬದುಕುತ್ತಿದ್ದಾರೆ, ಅವರನ್ನು ನೋಡಿದರೆ ದೇಶದ ಬಾಲ್ಯವನ್ನೇ ನೋಡಿದಂತೆ ಎಂಬ ಭಾವನೆ ಹಬ್ಬಿತು. ನೇಯ್ದ ಹೊದಿಕೆಗಳನ್ನು ಮಾರಾಟಕ್ಕೆ ತರುವ ಯೋಜನೆ ಬೆರಿಯಾದಲ್ಲಿ ಆಗಲೇ ಶುರುವಾಗಿತ್ತು. ನಾರ್ತ್ ಕ್ಯಾರೊಲಿನಾದಲ್ಲಿ ಫ್ರಾನ್ಸಸ್ ಗುಡ್ರಿಚ್ ಎಂಬ ಮಿಷನರಿ ಮಹಿಳೆ ಅಲನ್‌ಸ್ಟ್ಯಾಂಡ್ ಎಂಬ ಗೃಹ ಕೈಗಾರಿಕೆ ಕಟ್ಟಿ, 1908ರಲ್ಲಿ ಆಶ್ವಿಲ್ ನಗರದಲ್ಲಿ ಮಳಿಗೆ ತೆರೆದರು. ಇಂಗ್ಲೆಂಡಿನ ಸೆಸಿಲ್ ಶಾರ್ಪ್ 1916ರಿಂದ 1918ರ ನಡುವೆ ಇದೇ ಬೆಟ್ಟಗಳಲ್ಲಿ ತಿರುಗಿ ಹಳೆಯ ಲಾವಣಿಗಳನ್ನು ಬರೆದುಕೊಂಡರು. 1925ರಲ್ಲಿ ಬ್ರಾಸ್‌ಟೌನ್ ಊರಿನಲ್ಲಿ ಜಾನ್ ಸಿ. ಕ್ಯಾಂಬೆಲ್ ಜಾನಪದ ಶಾಲೆ, 1930ರಲ್ಲಿ ದಕ್ಷಿಣ ಬೆಟ್ಟಸೀಮೆಯ ಕರಕುಶಲ ಸಂಘ ಹುಟ್ಟಿದವು. 1937ರಲ್ಲಿ ಅಲನ್ ಈಟನ್ ಈ ಸೀಮೆಯ ಕೈಕೆಲಸಗಳ ಬಗ್ಗೆ ದೊಡ್ಡ ಗ್ರಂಥವನ್ನೇ ತಂದರು, ಅದರ ಛಾಯಾಚಿತ್ರಗಳು ಡೋರಿಸ್ ಉಲ್ಮನ್ ಅವರದು. ನಾಲ್ಕು ದಶಕಗಳಲ್ಲಿ ಶಾಲೆ, ಸಂಘ, ಮಳಿಗೆ, ಪುಸ್ತಕ ಎಲ್ಲವೂ ಸಿದ್ಧವಾಗಿ ಬೆಟ್ಟದ ಹಳೆಯತನ ಒಂದು ಸರಕಾಯಿತು.

ಈ ಸರಕಿಗೆ ಒಂದು ಮುಖ ಬೇಕಿತ್ತು. ನೇಯ್ಗೆಯ ಹೊದಿಕೆ, ಬೆತ್ತದ ಬುಟ್ಟಿ, ಮರದ ಕುರ್ಚಿ ಇವೆಲ್ಲ ಹಳೆಯದನ್ನು ಸೂಚಿಸುತ್ತವೆ, ತಾವೇ ಹಳೆಯ ಮನುಷ್ಯರಂತೆ ಕಾಣುವುದಿಲ್ಲ. ಪ್ರವಾಸಿ ಕಾರಿನಲ್ಲಿಟ್ಟು ಒಯ್ಯುವಷ್ಟು ಚಿಕ್ಕದಾದ, ಅಗ್ಗವಾದ, ಸುಕ್ಕುಗಟ್ಟಿದ ಮುದುಕಿ, ಕೈಯಲ್ಲೊಂದು ಪೊರಕೆ ಅಥವಾ ಮಡಿಲಲ್ಲೊಂದು ಹೊಲಿಗೆ: ಸಮಕಾಲೀನ ಪೂರ್ವಜರೆಂಬ ಕಲ್ಪನೆಗೆ ಇದಕ್ಕಿಂತ ತಕ್ಕ ರೂಪ ಸಿಗುವುದು ಕಷ್ಟ. ಒಣಗಿದ ಹಣ್ಣು ಮುದುಕರನ್ನಷ್ಟೇ ಕೊಡಬಲ್ಲದು, ಕೊಳ್ಳುವವನಿಗೂ ಬೇಕಾದದ್ದು ಮುದುಕರೇ. ಹಣ್ಣಿನ ಮಿತಿಗೂ ಗಿರಾಕಿಯ ಬಯಕೆಗೂ ಹೀಗೆ ತಾಳೆಯಾದದ್ದರಿಂದಲೇ ಅಡುಗೆಮನೆಯ ಒಂದು ಚಿಲ್ಲರೆ ಆಟ ಇಡೀ ಸೀಮೆಯ ಲಾಂಛನದ ಮಟ್ಟಕ್ಕೆ ಬೆಳೆಯಿತು. ಬೆಟ್ಟದಲ್ಲಿ ಆಗ ಇದ್ದದ್ದು ಮುದುಕಿಯರಷ್ಟೇ ಅಲ್ಲ. ರೈಲು ಬಂದಿತ್ತು, ಮರದ ಕಂಪನಿಗಳು ಕಾಡನ್ನು ಬೋಳಿಸುತ್ತಿದ್ದವು, ಕಲ್ಲಿದ್ದಲ ಗಣಿಗಳಲ್ಲಿ ಸಾವಿರಾರು ಜನ ಕೂಲಿ ಮಾಡುತ್ತಿದ್ದರು. 1921ರಲ್ಲಿ ವೆಸ್ಟ್ ವರ್ಜೀನಿಯಾದ ಬ್ಲೇರ್ ಬೆಟ್ಟದಲ್ಲಿ ಸುಮಾರು 10,000 ಗಣಿ ಕಾರ್ಮಿಕರು ಸಂಘಟನೆಯ ಹಕ್ಕಿಗಾಗಿ ಬಂದೂಕು ಹಿಡಿದು ಹೋರಾಡಿದರು. ಕೊನೆಗೆ ಒಕ್ಕೂಟ ಸರ್ಕಾರದ ಸೇನೆ ಇಳಿಯಬೇಕಾಯಿತು. ಆ ಕಾರ್ಮಿಕರು ಪೂರ್ವಜರಲ್ಲ, ಅಂದಿನ ಕೈಗಾರಿಕಾ ಅಮೆರಿಕದ ನಡುಮಧ್ಯದ ಜನ. ಉಡುಗೊರೆ ಅಂಗಡಿಯ ಕಪಾಟಿನಲ್ಲಿ ಅವರಿಗೆ ಜಾಗ ಸಿಗಲಿಲ್ಲ.

ಇದು ಬರೀ ಊಹೆ, ಸೇಬಿನ ಬೊಂಬೆ ಮಾರುಕಟ್ಟೆಯಿಂದ ಬೆಳೆಯಿತೆನ್ನಲು ನೇರ ಸಾಕ್ಷಿ ಏನಿದೆ ಎಂದು ಯಾರಾದರೂ ಕೇಳಬಹುದು. ಸಾಕ್ಷಿ ಬೆಟ್ಟಸೀಮೆಯಿಂದ ದೂರದ ಮೊಂಟಾನಾದಲ್ಲಿ ಸಿಗುತ್ತದೆ. ಅಲ್ಲಿನ ಮಿಸೌಲಾ ಊರಿನ ಮೇರಿ ಮ್ಯಾಕ್‌ಅಬಾಯ್ ಎಂಬ ಬಿಳಿಯ ಮಹಿಳೆ ಒಣಗಿದ ಸೇಬಿನ ತಲೆಗೆ ಕಂಬಳಿಯ ತುಂಡು ಹೊದಿಸಿ ಮೂಲನಿವಾಸಿಗಳ ಬೊಂಬೆ ಮಾಡಲು ತೊಡಗಿ, 1914ರಲ್ಲಿ ಅದರ ವಿನ್ಯಾಸಕ್ಕೆ ಪೇಟೆಂಟ್ ಪಡೆದಳು. ಸೇಬಿನ ತಲೆಯ ಬೊಂಬೆ ಮಾಡುವುದನ್ನು ತನ್ನ ತಾಯಿಯಿಂದ ಕಲಿತೆನೆಂದು ಆಕೆ ಹೇಳಿಕೊಂಡಿದ್ದುಂಟು. ಸ್ಕೂಕಮ್ ಎಂಬ ಹೆಸರಿನ ಈ ಬೊಂಬೆಗೆ ಬೇಡಿಕೆ ಏರಿತು. ಡೆನ್ವರ್ ನಗರದ ಎಚ್. ಎಚ್. ಟ್ಯಾಮನ್ ಕಂಪನಿ ಅದನ್ನು ಕಾರ್ಖಾನೆಯ ಸರಕಾಗಿಸಿ ದೇಶದುದ್ದಗಲಕ್ಕೂ ಪ್ರವಾಸಿಗರಿಗೆ ಮಾರಿತು. ಬೇಡಿಕೆ ಹೆಚ್ಚಿದಾಗ ಮೊದಲು ಹೋದದ್ದು ಸೇಬು. ಒಂದೊಂದನ್ನೇ ಕೆತ್ತಿ ವಾರಗಟ್ಟಲೆ ಒಣಗಿಸುವುದು ಕಾರ್ಖಾನೆಗೆ ಒಗ್ಗುವ ಕೆಲಸವಲ್ಲ. ಅದರ ಬದಲು ಮರದ ಪುಡಿ ಮತ್ತು ಅಂಟಿನ ಮಿಶ್ರಣವನ್ನು ಅಚ್ಚಿಗೆ ಸುರಿದ ತಲೆಗಳು ಬಂದವು, ಆಮೇಲೆ ಪ್ಲಾಸ್ಟಿಕ್ ತಲೆಗಳು. 1960ರ ದಶಕದ ಆರಂಭದವರೆಗೂ ತಯಾರಿಕೆ ನಡೆಯಿತು. ಹಣ್ಣು ಹೋದರೂ ಒಣ ಹಣ್ಣಿನ ಸುಕ್ಕನ್ನು ಮಾತ್ರ ಅಚ್ಚಿನಲ್ಲಿ ಕಾಪಾಡಿಕೊಂಡರು. ಗಿರಾಕಿ ದುಡ್ಡು ಕೊಡುತ್ತಿದ್ದುದು ಯಾವುದಕ್ಕೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸಾಕ್ಷ್ಯ ಬೇಕಿಲ್ಲ.

ಈ ಒಂದು ಪ್ರಕರಣದಿಂದ ಎರಡು ಮಾತು ತಿಳಿಯುತ್ತವೆ. ತಾಯಿಯಿಂದ ಕಲಿತದ್ದೆಂಬ ಆಕೆಯ ಮಾತನ್ನು ನಂಬಿದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಗಳೊಳಗೆ ಈ ಬೊಂಬೆ ಇತ್ತು, ಅದನ್ನು ಮಾರುಕಟ್ಟೆ ಶೂನ್ಯದಿಂದ ಸೃಷ್ಟಿಸಲಿಲ್ಲ. ಎರಡನೆಯದಾಗಿ, ಬಿಳಿಯರ ಮನೆಯಲ್ಲಿ ಕಲಿತ ಕೆಲಸ ಅಂಗಡಿಗೆ ಬರುವ ಹೊತ್ತಿಗೆ ಮೂಲನಿವಾಸಿಗಳ ವೇಷ ತೊಟ್ಟಿತು. ಅದೇ ಕಾಲದಲ್ಲಿ ಎಡ್ವರ್ಡ್ ಕರ್ಟಿಸ್ ಮೂಲನಿವಾಸಿಗಳನ್ನು ಅಳಿಯುತ್ತಿರುವ ಜನಾಂಗವೆಂದು ಬಗೆದು ಛಾಯಾಚಿತ್ರ ತೆಗೆಯುತ್ತಿದ್ದರು. ಅವರ ಬೃಹತ್ ಸಂಪುಟಮಾಲೆಯ ಮೊದಲ ಸಂಪುಟ ಬಂದದ್ದು 1907ರಲ್ಲಿ. ಬೆಟ್ಟದ ಬಿಳಿಯರು ಮತ್ತು ಮೂಲನಿವಾಸಿಗಳು ಇಬ್ಬರನ್ನೂ ನಗರದವರು ಹಿಂದಿನ ಕಾಲಕ್ಕೆ ಸೇರಿದವರೆಂದು ಎಣಿಸಿದ್ದರು. ಸುಕ್ಕುಮುಖದ ಬೊಂಬೆ ಇಬ್ಬರಿಗೂ ಸಮನಾಗಿ ಹೊಂದಿದ್ದು ಕಾಕತಾಳೀಯ ಅಲ್ಲ. ಮೂಲನಿವಾಸಿಗಳ ಕಲೆಯೆಂದು ಸುಳ್ಳು ಹೇಳಿ ಮಾರುವುದು ಅಮೆರಿಕದಲ್ಲಿ 1935ರಿಂದಲೇ ಶಿಕ್ಷಾರ್ಹ ಅಪರಾಧವಾಗಿತ್ತು, ಅದಕ್ಕೆ ಕಠಿಣ ದಂಡ ಹಾಕುವ ಕಾನೂನು 1990ರಲ್ಲಿ ಬಂತು. ಅಂಥ ಕಾನೂನು ಬೇಕಾಯಿತೆಂಬುದೇ ಚೀಟಿಗಳ ಮೇಲೆ ಎಷ್ಟು ಭರವಸೆ ಇಡಬಹುದೆಂಬುದಕ್ಕೆ ಉತ್ತರ.

ಕೊನೆಯ ಅಲೆ ಎದ್ದದ್ದು 1960 ಮತ್ತು 70ರ ದಶಕಗಳಲ್ಲಿ. ಜಾರ್ಜಿಯಾದ ಬೆಟ್ಟಸೀಮೆಯ ಶಾಲಾ ಮಕ್ಕಳು 1966ರಲ್ಲಿ ಊರಿನ ಹಿರಿಯರ ಕೈಕೆಲಸಗಳನ್ನು ದಾಖಲಿಸಲು ಫಾಕ್ಸ್‌ಫೈರ್ ಎಂಬ ಪತ್ರಿಕೆ ಆರಂಭಿಸಿದರು. 1972ರಲ್ಲಿ ಅದು ಪುಸ್ತಕವಾಗಿ ಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಕಾರ್ಖಾನೆಯ ಬದುಕಿಗೆ ಬೇಸತ್ತ ನಗರದ ಯುವಜನರು ಮನೆಯಲ್ಲೇ ಸೋಪು, ಮೇಣದಬತ್ತಿ, ಬೊಂಬೆ ಮಾಡುವುದನ್ನು ಕಲಿಯತೊಡಗಿದರು. 1976ರಲ್ಲಿ ದೇಶದ ಇನ್ನೂರನೆಯ ವರ್ಷದ ಸಂಭ್ರಮ ಹಳೆಯ ಕಾಲದ ಹಂಬಲಕ್ಕೆ ಇನ್ನಷ್ಟು ಗಾಳಿ ಹಾಕಿತು. ಇದೇ ದಶಕದಲ್ಲಿ ಭಯಾನಕ ಚಿತ್ರಗಳ ಪ್ರಸಿದ್ಧ ನಟ ವಿನ್ಸೆಂಟ್ ಪ್ರೈಸ್ ಹೆಸರಿನಲ್ಲಿ ಮಕ್ಕಳಿಗಾಗಿ ಒಂದು ಕಿಟ್ ಮಾರುಕಟ್ಟೆಗೆ ಬಂತು. ಸೇಬನ್ನು ಕೆತ್ತಿ, ಒಣಗಿಸಿ, ತಲೆಬೇಟೆಗಾರರು ಕುಗ್ಗಿಸಿದ ಮನುಷ್ಯರ ರುಂಡದಂತೆ ಕಾಣುವ ತಲೆ ಮಾಡುವುದು ಅದರ ಆಟ. ಹಣ್ಣು ಅದೇ, ನಿಂಬೆರಸ ಉಪ್ಪು ಅದೇ, ಸುಕ್ಕೂ ಅದೇ. ಪ್ರವಾಸಿಗೆ ಮಾರುವಾಗ ಅದು ಬೆಟ್ಟದ ಅಜ್ಜಿ, ಪಶ್ಚಿಮದ ರೈಲು ನಿಲ್ದಾಣದಲ್ಲಿ ಮೂಲನಿವಾಸಿ ಮುಖಂಡ, ಮಕ್ಕಳ ಅಂಗಡಿಯಲ್ಲಿ ಭೂತದ ತಲೆ. ಒಂದು ಜನಾಂಗದ ಪವಿತ್ರ ಪರಂಪರೆಯೇ ಆಗಿದ್ದರೆ ಇಷ್ಟು ಸಲೀಸಾಗಿ ವೇಷ ಬದಲಿಸಲು ಅದಕ್ಕೆ ಸಾಧ್ಯವಾಗುತ್ತಿರಲಿಲ್ಲ.

ಈ ವಾದಕ್ಕೆ ಎರಡು ಆಕ್ಷೇಪಗಳಿವೆ. ಒಂದು: ಸೇಬು ಹಾಳಾಗುವ ವಸ್ತು, ಹೆಂಗಸರ ಮನೆಗೆಲಸವನ್ನು ಯಾರೂ ಬರೆದಿಡುವುದಿಲ್ಲ, ಪುರಾವೆ ಇಲ್ಲವೆಂದ ಮಾತ್ರಕ್ಕೆ ಪರಂಪರೆ ಇರಲಿಲ್ಲವೆನ್ನುವುದು ಅನ್ಯಾಯ. ಇದು ಬೆಲೆಯುಳ್ಳ ಮಾತು, ಆದ್ದರಿಂದಲೇ ಈ ಲೇಖನ ಬೊಂಬೆಗಳ ಗೈರುಹಾಜರಿಯನ್ನು ಆಧಾರ ಮಾಡಿಕೊಂಡಿಲ್ಲ. ಮರದ ಇತಿಹಾಸ ವಯಸ್ಸಿಗೆ ಮಿತಿ ಹಾಕುತ್ತದೆ, ಒಣಗಿಸುವ ಪದ್ಧತಿ ಹುಟ್ಟಿನ ಪರಿಸರವನ್ನು ತೋರಿಸುತ್ತದೆ, ಪೇಟೆಂಟು ಮತ್ತು ಕಾರ್ಖಾನೆಯ ಇತಿಹಾಸ ಪ್ರಸಿದ್ಧಿಯ ಕಾರಣವನ್ನು ಹೇಳುತ್ತದೆ. ಮನೆಗಳಲ್ಲಿ ಬೊಂಬೆ ಇತ್ತೆಂಬುದನ್ನು ಒಪ್ಪಿಕೊಂಡೇ ಈ ಮೂರೂ ನಿಲ್ಲುತ್ತವೆ. ದಾಖಲೆಯ ಮೌನವನ್ನು ಪುರಾತನತೆಯ ಪುರಾವೆಯಾಗಿ ಬಳಸುವುದೂ ಅಷ್ಟೇ ತಪ್ಪಲ್ಲವೆ? ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಮಾರುಕಟ್ಟೆ ಕಟ್ಟಿದ ಪರಂಪರೆ ಎಂದರೆ ಬೊಂಬೆ ಮಾಡಿ ಬದುಕಿದ ಹೆಂಗಸರನ್ನು ಮೋಸಗಾರರೆಂದಂತೆ ಆಗುವುದಿಲ್ಲವೆ? ಆಗುವುದಿಲ್ಲ. ಕಥೆಯನ್ನು ಬರೆದವರು ಹೆಚ್ಚಾಗಿ ಕಾಲೇಜು, ಮಿಷನ್, ಕಂಪನಿಗಳವರು. ಕೆಲಸ ಮಾಡಿದವರು ನಗದು ದುಡ್ಡಿನ ಮುಖ ಕಾಣದ ಮನೆಗಳವರು. ತಮ್ಮ ಕೌಶಲಕ್ಕೆ ಬೆಲೆ ಸಿಗುವ ಒಂದು ದಾರಿಯನ್ನು ಅವರು ಹಿಡಿದರು. ಗಿರಾಕಿಗೆ ಯಾವ ಮುಖ ಇಷ್ಟ ಎಂದು ಅರಿತು ಅದನ್ನೇ ಕೆತ್ತುವುದು ಜಾಣತನ, ಅದರಲ್ಲಿ ಅವಮಾನದ ಮಾತೇನೂ ಇಲ್ಲ. ನಿಜವಾದ ಅವಮಾನ ಇರುವುದು ಅವರನ್ನು ಕಾಲದ ಹೊರಗೆ ನಿಂತ ಮುಗ್ಧರೆಂದು ಭಾವಿಸಿ, ಅವರ ಲೆಕ್ಕಾಚಾರವನ್ನೇ ಕಾಣದಿರುವುದರಲ್ಲಿ.

ಪರಂಪರೆಯ ಹೆಸರಿನಲ್ಲಿ ಬರುವ ಯಾವುದೇ ವಸ್ತುವಿಗೂ ಈ ಪರೀಕ್ಷೆ ಅನ್ವಯಿಸುತ್ತದೆ. ಸಾಮಗ್ರಿ ಆ ನೆಲಕ್ಕೆ ಯಾವಾಗ ಬಂತು, ಯಾವ ದಿನನಿತ್ಯದ ಕೆಲಸದಿಂದ ಕೌಶಲ ಹುಟ್ಟಿತು, ಹಳೆಯದೆಂಬ ಹೆಸರು ಯಾರಿಂದ ಯಾವ ವರ್ಷ ಬಂತು ಎಂದು ಬೇರೆಬೇರೆಯಾಗಿ ಕೇಳಬೇಕು. ಸೇಬಿನ ಬೊಂಬೆಯಲ್ಲಿ ಮೂರಕ್ಕೂ ಮೂರು ಬೇರೆ ಉತ್ತರ ಬರುತ್ತದೆ: ಹಣ್ಣು ಹದಿನೇಳನೆಯ ಶತಮಾನದ್ದು, ಒಣಗಿಸುವ ಅಡುಗೆಮನೆಯ ಸಮೃದ್ಧ ಕಾಲ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳದ್ದು, ಪರಂಪರೆಯ ಪಟ್ಟ ಇಪ್ಪತ್ತನೆಯದ್ದು. ಇವನ್ನು ಒಂದಾಗಿ ಬೆಸೆದು ಪುರಾತನ ಎಂದರೆ ತೋಟ ಬೆಳೆಸಿದ ಸೆನೆಕಾ ಮತ್ತು ಚೆರೋಕಿ ರೈತರು, ರಾತ್ರಿಯಿಡೀ ಹಣ್ಣು ಸುಲಿದ ವಲಸಿಗರ ಹೆಂಗಸರು, ಹೊಸ ಗಿರಾಕಿಯನ್ನು ಕಂಡುಕೊಂಡ ಬೆಟ್ಟದ ಕುಶಲಿಗಳು ಎಲ್ಲರೂ ಒಂದೇ ಸುಕ್ಕುಮುಖದ ಹಿಂದೆ ಮರೆಯಾಗುತ್ತಾರೆ. ಮೂರನ್ನೂ ಬಿಡಿಸಿ ಹೇಳಿದರೆ ಬೊಂಬೆಯ ವಯಸ್ಸು ಕಡಿಮೆಯಾಗುತ್ತದೆ, ಅದನ್ನು ಮಾಡಿದವರ ಇತಿಹಾಸ ಹೆಚ್ಚಾಗುತ್ತದೆ. ಮಳಿಗೆಯ ಚೀಟಿ ಬರೆಯುವವರಿಗೆ ಈ ವಿನಿಮಯ ರುಚಿಸದೆ ಹೋಗಬಹುದು. ಇತಿಹಾಸ ಬರೆಯುವವರಿಗೆ ಇದರಲ್ಲಿ ನಷ್ಟವೇನೂ ಇಲ್ಲ.